ನಿಂತಲ್ಲೇ ನಿಲ್ಲುವ ಕಾರಿಗೆ ಹಳದಿ ಬ್ರೇಕು

ಬೆಂಗಳೂರಿನ ನಟ್ಟನಡುವೆ ಹತ್ತು ಕಿಲೋಮೀಟರ್ ಸಾಗಲು 2022ರಲ್ಲಿ ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತೆಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿ, ಜಗತ್ತಿನ ನಿಧಾನದ ನಗರಗಳ ಪಟ್ಟಿಯಲ್ಲಿ ಲಂಡನ್ನಿನ ನಂತರದ ಸ್ಥಾನವನ್ನು ನಮಗೆ ದಯಪಾಲಿಸಿತ್ತು. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ವೇಗ. ಇಂಥ ಊರಿನಲ್ಲಿ ಕಾರನ್ನು ನಿಲ್ಲಿಸಲು ಬ್ರೇಕು ಬೇಕೆಂದೇನೂ ಇಲ್ಲ. ಮುಂದಿನ ಕಾರು, ಅದರ ಮುಂದಿನ ನೀರಿನ ಟ್ಯಾಂಕರು, ಮೆಟ್ರೊ ಕಾಮಗಾರಿಯ ತಗಡಿನ ಬೇಲಿ, ಇವೆಲ್ಲ ಸೇರಿ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ. ಆದರೂ ಈ ನಗರದ ಸ್ಪೋರ್ಟ್ಸ್ ಕಾರುಗಳ ಒಡೆಯರು ತಮ್ಮ ವಾಹನದ ಸಮಸ್ತ ಅಂಗಗಳಲ್ಲಿ ಬ್ರೇಕನ್ನೇ ಆರಿಸಿಕೊಂಡು, ಅದರ ಕ್ಯಾಲಿಪರಿಗೆ ಕೆಂಪು, ಹಳದಿ, ಗಿಳಿಹಸಿರು ಬಣ್ಣಗಳನ್ನು, ಅದೂ ಗ್ಯಾರೇಜಿಗೆ ಕೊಡದೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಾವೇ ಕುಕ್ಕರಗಾಲಿನಲ್ಲಿ ಕುಳಿತು ಬಳಿದು, ಧನ್ಯರಾಗುತ್ತಿದ್ದಾರೆ.

ಕ್ಯಾಲಿಪರ್ ಎಂದರೇನೆಂದು ತಿಳಿಯದೆಯೂ ನೆಮ್ಮದಿಯಿಂದ ಬಾಳಿದವರಿಗಾಗಿ ಒಂದು ಮಾತು. ಚಕ್ರದ ಜೊತೆಗೇ ತಿರುಗುವ ಕಬ್ಬಿಣದ ತಟ್ಟೆಗೆ ಡಿಸ್ಕ್ ಎಂದು ಹೆಸರು; ಪೆಡಲನ್ನು ತುಳಿದಾಗ ಬ್ರೇಕ್ ಆಯಿಲ್‌ನ ಒತ್ತಡದಿಂದ ಎರಡು ಪ್ಯಾಡುಗಳನ್ನು ಆ ತಟ್ಟೆಯ ಎರಡೂ ಮಗ್ಗುಲಿಗೆ ಅದುಮಿ ಹಿಡಿಯುವ ಲೋಹದ ಇಕ್ಕಳವೇ ಕ್ಯಾಲಿಪರ್. ಹಿಂದಿನ ಕಾರುಗಳಲ್ಲಿ ಇದು ಉಕ್ಕಿನ ಚಕ್ರದ ಹಿಂದೆ, ವ್ಹೀಲ್ ಕಪ್ಪಿನ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ ದುಡಿದು ಸವೆಯುತ್ತಿತ್ತು. ಅಲಾಯ್ ಚಕ್ರಗಳು ಬಂದು, ಅವುಗಳ ಗಾತ್ರ ವರ್ಷದಿಂದ ವರ್ಷಕ್ಕೆ ಹಿಗ್ಗಿ, ಕಡ್ಡಿಗಳು ಸಣಕಲಾದ ಮೇಲೆ ಅದು ಬಟಾಬಯಲಾಯಿತು. ಇಟಲಿಯ ಬೆರ್ಗಮೊ ಬಳಿ 1961ರಲ್ಲಿ ಆರಂಭವಾಗಿ, 1975ರಿಂದ ಫೆರಾರಿಯ ಫಾರ್ಮುಲಾ ಒನ್ ಕಾರುಗಳಿಗೆ ಬ್ರೇಕು ಒದಗಿಸತೊಡಗಿದ ಬ್ರೆಂಬೊ ಕಂಪನಿ, ಬ್ರೇಕನ್ನೂ ಜನ ಬಾಯಿಬಿಟ್ಟುಕೊಂಡು ನೋಡಬಹುದೆಂಬ ಸತ್ಯವನ್ನು ಲೋಕಕ್ಕೆ ಮನದಟ್ಟು ಮಾಡಿಸಿತು. 1990ರ ದಶಕದಲ್ಲಿ ಪೋರ್ಷೆಯ ಬಲಶಾಲಿ ಮಾದರಿಗಳ ಚಕ್ರಗಳೊಳಗಿಂದ ಕೆಂಪು ಕ್ಯಾಲಿಪರುಗಳು ಇಣುಕಿದವು. ಅಲ್ಲಿಗೆ ಒಂದು ಬಿಡಿಭಾಗಕ್ಕೆ ಅಂತಸ್ತು ಬಂತು.

ಅಂತಸ್ತು ಬಂದ ಮೇಲೆ ಮೇಲುಕೀಳು ಬರದೆ ಇರುತ್ತದೆಯೇ? ಪೋರ್ಷೆ ಕಂಪನಿಯ ಶ್ರೇಣಿಯನ್ನೇ ನೋಡಬೇಕು. ಸಾಧಾರಣ ಮಾದರಿಯ ಬ್ರೇಕಿಗೆ ಕಪ್ಪು. ಹೆಚ್ಚು ಬಲದ ಮಾದರಿಗೆ ಕೆಂಪು. ಲಕ್ಷಗಳ ಲೆಕ್ಕದಲ್ಲಿ ಹೆಚ್ಚುವರಿ ಹಣ ತೆತ್ತು ಸೆರಾಮಿಕ್ ಡಿಸ್ಕ್ ಹಾಕಿಸಿಕೊಂಡವರಿಗೆ ಹಳದಿ. ಪೆಟ್ರೋಲಿನ ಜೊತೆಗೆ ಬ್ಯಾಟರಿಯೂ ಇರುವ ಹೈಬ್ರಿಡ್ಡಿಗೆ ಕಣ್ಣು ಕುಕ್ಕುವ ಹಸಿರು. 2017ರ ಕಯೆನ್ ಕಾರಿನೊಂದಿಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪಿಸಿದ ಡಿಸ್ಕುಗಳು ಬಂದವು. ಅವುಗಳಿಂದ ಮಸಿಯಂಥ ಧೂಳು ಬಲು ಕಡಿಮೆ ಉದುರುವುದರಿಂದ, ಕೊಳೆಯಾಗದು ಎಂಬ ಧೈರ್ಯದ ಮೇಲೆ, ಅವುಗಳ ಕ್ಯಾಲಿಪರಿಗೆ ಬಿಳಿ ಬಣ್ಣ ಕೊಟ್ಟರು. ಕಾರ್ಖಾನೆಯವರ ಮಟ್ಟಿಗೆ ಇದೊಂದು ಗುರುತು: ಒಳಗೆ ಏನಿದೆಯೋ ಅದನ್ನು ಹೊರಗಿನ ಬಣ್ಣ ಹೇಳುತ್ತದೆ. ಕಾರಿನ ಒಡೆಯನ ಮಟ್ಟಿಗೆ ಇದು ಕೆಲವೇ ನೂರು ರೂಪಾಯಿಯ ಡಬ್ಬಿಯಿಂದ ದಾಟಬಹುದಾದ ಮೆಟ್ಟಿಲು. ಕಪ್ಪು ಕ್ಯಾಲಿಪರಿಗೆ ಭಾನುವಾರ ಬೆಳಿಗ್ಗೆ ಹಳದಿ ಬಳಿದರೆ ಸಂಜೆಯ ಹೊತ್ತಿಗೆ ಅದು ಸೆರಾಮಿಕ್ ಕುಲಕ್ಕೆ ಸೇರಿದಂತೆ. ಸುಳ್ಳು ಜಾತಿ ಪ್ರಮಾಣಪತ್ರ ಪಡೆದವರನ್ನು ವಿಚಾರಿಸಿಕೊಳ್ಳಲು ನಮ್ಮ ಸರ್ಕಾರ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವನ್ನಾದರೂ ಇಟ್ಟುಕೊಂಡಿದೆ. ಸುಳ್ಳು ಬ್ರೇಕಿನ ವಿಚಾರಣೆಗೆ ಒಬ್ಬ ಗುಮಾಸ್ತನೂ ಇಲ್ಲ. ಬಾನೆಟ್ಟಿನ ಬಣ್ಣ ಬದಲಾದರೆ ಆರ್.ಸಿ. ಪುಸ್ತಕದಲ್ಲಿ ನಮೂದಾಗಬೇಕು, ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಣ್ಣು ಕೆಂಪಗೆ ಮಾಡುತ್ತದೆ, ಆದರೆ ಕ್ಯಾಲಿಪರು ಯಾವ ಬಣ್ಣದ್ದೆಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

(ಸ್ಪೋರ್ಟ್ಸ್ ಕಾರು ಇಲ್ಲದವರು ಕೈಕಟ್ಟಿ ಕುಳಿತಿದ್ದಾರೆಂದು ಭಾವಿಸಬಾರದು. ಜೆ.ಸಿ. ರಸ್ತೆಯ ಕಡೆ ಹೋದರೆ ಕ್ಯಾಲಿಪರಿನ ಮೇಲೆ ಕೂರಿಸುವ ಕೆಂಪು ಪ್ಲಾಸ್ಟಿಕ್ ಕವಚಗಳು ಸಿಗುತ್ತವೆ. ಹಿಂದಿನ ಚಕ್ರಕ್ಕೆ ಡಿಸ್ಕೇ ಇಲ್ಲದ ಸಣ್ಣ ಕಾರಿನವರು ಡ್ರಮ್ಮಿಗೇ ಕೆಂಪು ಬಳಿದು ಸಮಾಧಾನ ಪಟ್ಟುಕೊಳ್ಳುತ್ತಾರೆ.)

ಈ ಕಾರ್ಯದ ವಿಧಿವಿಧಾನಗಳನ್ನು ಹತ್ತಿರದಿಂದ ನೋಡುವ ಭಾಗ್ಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ಒದಗಿ ಬಂದಿದೆ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರಾಗಿರುವ ಬಿ ಬ್ಲಾಕಿನ ಮಹಾಶಯರೊಬ್ಬರು ಎರಡೇ ಸೀಟಿನ ಜರ್ಮನ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದು, ಅದರ ಬ್ರೇಕುಗಳನ್ನು ಕಪ್ಪಿನಿಂದ ಹಳದಿಗೆ ಬಡ್ತಿಗೊಳಿಸಲು ನಿಶ್ಚಯಿಸಿದರು. ಮೊದಲ ವಿಘ್ನ ಜಾಕಿಯದು. ಕಾರಿನ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೆಂದರೆ ಸಾಮಾನ್ಯ ಜಾಕಿ ಅದರ ಕೆಳಗೆ ತೂರಲೇ ಇಲ್ಲ. ಆದ್ದರಿಂದ ಯಾರದೋ ಮನೆಯ ವಾರ್ಡ್‌ರೋಬ್ ಕೆಲಸದಲ್ಲಿ ಮಿಕ್ಕ ಎರಡು ಹಲಗೆಗಳನ್ನು ತಂದು, ಅವುಗಳ ಮೇಲೆ ಕಾರನ್ನು ಹತ್ತಿಸಿ, ಆಮೇಲೆ ಜಾಕಿ ಇಟ್ಟು ಎತ್ತಬೇಕಾಯಿತು. ಚಕ್ರ ಕಳ್ಳತನವಾಗದಿರಲೆಂದು ಹಾಕಿದ ಲಾಕಿಂಗ್ ಬೋಲ್ಟಿನ ಕೀಲಿಯನ್ನು ಹುಡುಕುವುದರಲ್ಲಿ ಇನ್ನೊಂದಿಷ್ಟು ಹೊತ್ತು ಕಳೆದು, ಕೊನೆಗೆ ಅದು ಇನ್ಶೂರೆನ್ಸ್ ಕಾಗದಗಳ ಲಕೋಟೆಯೊಳಗೆ ಸಿಕ್ಕಿತು. ಚಕ್ರ ಕಳಚಿದಾಗ ಕಂಡ ಕ್ಯಾಲಿಪರಿನ ಮೇಲೆ ಬ್ರೇಕಿನ ಧೂಳು ಗಟ್ಟಿಯಾಗಿ ಕೂತಿತ್ತು. ಅದನ್ನು ತಂತಿ ಬ್ರಷ್ಷಿನಿಂದ ಕೆರೆದು, ಸಂದುಗಳನ್ನು ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿ, ಸ್ಪ್ರೇ ಹೊಡೆದು ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ತಾಗಬಾರದ ಜಾಗಗಳಿಗೆಲ್ಲ, ಅಂದರೆ ರಬ್ಬರ್ ಬೂಟುಗಳು, ಗಾಳಿ ತೆಗೆಯುವ ನಿಪ್ಪಲ್ಲು, ಜಾರುವ ಪಿನ್ನುಗಳು, ಇವಕ್ಕೆಲ್ಲ ಟೇಪು ಸುತ್ತಿ, ಡಿಸ್ಕಿಗೆ ಪತ್ರಿಕೆಯ ಹಾಳೆ ಹೊದಿಸಲಾಯಿತು. ಆ ಹಾಳೆಯಲ್ಲಿ ರಸ್ತೆಗುಂಡಿ ಮುಚ್ಚಲು ಅಧಿಕಾರಿಗಳಿಗೆ ಗಡುವು ನೀಡಿದ ಸುದ್ದಿಯಿತ್ತು. ಎಷ್ಟನೆಯ ಗಡುವೆಂಬುದು ಟೇಪಿನಡಿ ಮುಚ್ಚಿಹೋಗಿತ್ತು.

ಹೀಗೆ ಟೇಪು ಸುತ್ತುವಾಗ ಬ್ರೇಕ್ ಪ್ಯಾಡು ಕಾಣಿಸಿತು. ಅದು ಸವೆದು ಸವೆದು, ಉಕ್ಕಿನ ಬೆನ್ನುಹಲಗೆಯ ಮೇಲೆ ಬಿಸ್ಕತ್ತಿನಷ್ಟು ದಪ್ಪವೂ ಉಳಿದಿರಲಿಲ್ಲ. ಮಹಾಶಯರು ಅದನ್ನು ಒಂದು ಕ್ಷಣ ದಿಟ್ಟಿಸಿ, ಹಳದಿ ಹನಿ ಅದರ ಮೇಲೆ ಬೀಳದಿರಲೆಂದು ಇನ್ನೊಂದು ಪಟ್ಟಿ ಟೇಪನ್ನು ಬಹಳ ಜತನದಿಂದ ಅಂಟಿಸಿದರು.

ಇದೆಲ್ಲವನ್ನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೇಲುಸ್ತುವಾರಿ ಮಾಡುತ್ತಿದ್ದವರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಕಾರ್ಯಪಾಲಕ ಎಂಜಿನಿಯರರು. "ಬಹಳ ಒಳ್ಳೆಯ ಕೆಲಸ ಕಣಪ್ಪ. ನಮ್ಮ ಕಾಲದಲ್ಲೂ ಹಾಗೇ, ಮಂತ್ರಿಗಳು ಬರ್ತಾರೆ ಅಂದ್ರೆ ಮೊದಲು ಡಿವೈಡರಿಗೆ ಬಣ್ಣ, ರಸ್ತೆ ಆಮೇಲೆ," ಎಂದರು.

"ಪ್ಯಾಡು ಸ್ವಲ್ಪ ಸವೆದಿದೆ ಅಂಕಲ್," ಎಂದು ಮಹಾಶಯರು ಸಂಕೋಚದಿಂದ ಹೇಳಿದರು.

"ಅದು ಒಳಗಿನ ವಿಚಾರ, ತಪಾಸಣೆಗೆ ಬಂದವರು ಅಷ್ಟೊಂದು ಬಗ್ಗಿ ನೋಡಲ್ಲ. ಇನ್ನೊಂದು ಹೇಳ್ತೀನಿ ಕೇಳು, ಗೋಡೆ ಕಡೆಗಿರೋ ಎರಡು ಚಕ್ರ ಬಿಟ್ಟುಬಿಡು. ಗೇಟಿನ ಕಡೆಗೆ ಕಾಣೋದಕ್ಕೆ ಮಾತ್ರ ಬಳಿದರೆ ಅನುದಾನದಲ್ಲಿ ಅರ್ಧ ಉಳಿಯುತ್ತೆ."

ಬಣ್ಣದ ಡಬ್ಬಿಯ ಮೇಲೆ ಅದು ಫ್ಯಾರನ್‌ಹೀಟ್ 900 ಡಿಗ್ರಿ ಶಾಖವನ್ನು ತಡೆಯಬಲ್ಲದೆಂದು ಅಚ್ಚಾಗಿತ್ತು, ಅಂದರೆ ಸೆಲ್ಸಿಯಸ್ಸಿನಲ್ಲಿ ಸುಮಾರು 480 ಡಿಗ್ರಿ. ಇಷ್ಟು ಶಾಖ ಎಲ್ಲಿಂದ ಬರಬೇಕೆಂದು ಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಬ್ರೇಕು ಮಾಡುವುದು ಒಂದೇ ಕೆಲಸ, ಚಲನೆಯ ಶಕ್ತಿಯನ್ನು ಶಾಖವಾಗಿ ಬದಲಿಸುವುದು. 1,500 ಕಿಲೋ ತೂಗುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತರೆ ಸುಮಾರು 580 ಕಿಲೋಜೂಲ್ ಶಾಖ ಹುಟ್ಟುತ್ತದೆ. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಇಳಿಜಾರಿನ ಘಾಟಿಯಲ್ಲೋ ರೇಸ್ ಟ್ರ್ಯಾಕಿನಲ್ಲೋ ಹೀಗೆ ಮತ್ತೆಮತ್ತೆ ಬ್ರೇಕು ಹಿಡಿದರೆ ಡಿಸ್ಕು ಕೆಂಡವಾದರೂ ಆಶ್ಚರ್ಯವಿಲ್ಲ. ಆದರೆ ವೇಗ ಐದರಲ್ಲಿ ಒಂದು ಪಾಲಿಗೆ ಇಳಿದರೆ ಶಾಖ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮೂರಿನ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಒಂದು ಸಲ ನಿಲ್ಲಿಸಿದರೆ ಹುಟ್ಟುವುದು 23 ಕಿಲೋಜೂಲ್, ದರ್ಶಿನಿಯ ಸಣ್ಣ ಲೋಟದಲ್ಲಿ ಆರಿಹೋದ ಕಾಫಿಯನ್ನು ಮತ್ತೆ ಕುಡಿಯುವಷ್ಟು ಬಿಸಿ ಮಾಡಲು ಬೇಕಾದಷ್ಟು. ಅದನ್ನೂ ನಾಲ್ಕು ಚಕ್ರಗಳು ಹಂಚಿಕೊಳ್ಳಬೇಕು. 480 ಡಿಗ್ರಿಗೆ ಅಂಜದ ಬಣ್ಣವನ್ನು ಕಾಲು ಲೋಟ ಕಾಫಿಯ ಎದುರು ನಿಲ್ಲಿಸುವುದು ಆ ಬಣ್ಣಕ್ಕೆ ಮಾಡಿದ ಅವಮಾನವೆಂದು ನನಗನ್ನಿಸುತ್ತದೆ.

ಏರ್‌ಪೋರ್ಟ್ ರಸ್ತೆಯ ಮುಂಜಾನೆಗಳನ್ನು ಮರೆಯಬಾರದೆಂದು ಮಹಾಶಯರು ಆಕ್ಷೇಪಿಸಿದರು. ನಿಜ, ಭಾನುವಾರ ನಸುಕಿನಲ್ಲಿ ಹೆಬ್ಬಾಳ ದಾಟಿದ ಮೇಲೆ ಒಂದಿಷ್ಟು ದೂರ ಇಂಥ ಕಾರುಗಳು ಅರಚಿಕೊಂಡು ಹೋಗುವುದುಂಟು. ಆದರೆ ಆ ರಸ್ತೆ ಸೇರುವ ಮುನ್ನ ನಮ್ಮ ಬಡಾವಣೆಯ ಹಂಪುಗಳನ್ನು ದಾಟಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪು 3.7 ಮೀಟರ್ ಅಗಲವಿದ್ದು, ನಡುವೆ ಹತ್ತು ಸೆಂಟಿಮೀಟರ್ ಮಾತ್ರ ಎತ್ತರವಿರಬೇಕು. ನಮ್ಮಲ್ಲಿ ಅದು ಆಯಾ ಬೀದಿಯ ಹಿರಿಯರ ಸಿಟ್ಟಿನ ಪ್ರಮಾಣದಲ್ಲಿರುತ್ತದೆ. ಈ ಕಾರು ಪ್ರತಿ ಹಂಪಿನ ಎದುರು ನಿಂತು, ಓರೆಯಾಗಿ ತಿರುಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸುವ ಹೊತ್ತಿಗೆ ಹಾಲಿನವನ ಮೊಪೆಡ್ಡು ಅದನ್ನು ದಾಟಿ ಮುಂದಿನ ತಿರುವಿನಲ್ಲಿರುತ್ತದೆ. ಹಾಗೆ ಓರೆಯಾಗಿ ನಿಂತಾಗ ಕ್ಯಾಲಿಪರು ಮಾತ್ರ ದಾರಿಹೋಕರಿಗೆ ಸೊಗಸಾಗಿ ಕಾಣುತ್ತದೆ ಎಂಬುದನ್ನು ಒಪ್ಪಬೇಕು.

ಬಣ್ಣದ ಆಯ್ಕೆಯ ವಿಷಯ ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಸಂಘಕ್ಕೂ ಮುಟ್ಟಿತು. ನವೆಂಬರ್ ಹತ್ತಿರವಾಗುತ್ತಿದ್ದುದರಿಂದ ರಾಜ್ಯೋತ್ಸವ ಸಮಿತಿಯವರು, ಮುಂದಿನ ಎರಡಕ್ಕೆ ಹಳದಿ ಇರಲಿ, ಹಿಂದಿನ ಎರಡಕ್ಕೆ ಕೆಂಪು ಬಳಿದರೆ ನಾಡಧ್ವಜದ ಮೆರವಣಿಗೆಯಲ್ಲಿ ಈ ಕಾರನ್ನೇ ಮುಂದಿಡುತ್ತೇವೆ ಎಂದು ಸೂಚಿಸಿದರು. ಖಜಾಂಚಿಯವರು ಬೇಸ್‌ಮೆಂಟಿನ ನೆಲದ ಮೇಲೆ ಬಿದ್ದ ಹನಿಗಳಿಗೆ ದಂಡ ವಿಧಿಸಬೇಕೆಂದರು. ಎರಡೂ ಸಲಹೆಗಳನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಮೂರು ಕೋಟಿಂಗು ಆಯಿತು, ರಾತ್ರಿಯಿಡೀ ಒಣಗಿತು, ಮೇಲೆ ರೇಸಿಂಗ್ ಕಂಪನಿಯ ಹೆಸರಿನ ಸ್ಟಿಕ್ಕರುಗಳೂ ಬಂದವು. ಹಿಂದಿನ ಎಡ ಚಕ್ರದ ಅಕ್ಷರಗಳು ತಲೆಕೆಳಗಾಗಿ ಕೂತಿದ್ದನ್ನು ಎಂಜಿನಿಯರರು ಗಮನಿಸಿ, ಚಕ್ರ ಅರ್ಧ ಸುತ್ತು ತಿರುಗಿದಾಗ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದರು. ಕ್ಯಾಲಿಪರು ಚಕ್ರದ ಜೊತೆ ತಿರುಗುವುದಿಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ, ನಿವೃತ್ತರನ್ನು ನೋಯಿಸಬಾರದು.

ಅದಾದ ಕೆಲವು ವಾರಗಳಿಗೆ ಕಾರು ಸರ್ವಿಸಿಗೆ ಹೋಯಿತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು, ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಕುಸಿಯಬಹುದು. ಆಯಿಲ್ ಕುದಿದು ಗುಳ್ಳೆಯೆದ್ದರೆ ಪೆಡಲು ಮೆತ್ತಗಾಗಿ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದಲೇ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂಬ ಪದ್ಧತಿ. ಈ ಕಾರಿನದು ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆಯೆಂದು ಮೆಕ್ಯಾನಿಕ್ಕು ತೋರಿಸಿ, ನಿಪ್ಪಲ್ಲು ಸಡಿಲಿಸಿ ಹಳೆಯದನ್ನು ಹೊರಬಿಡಲು ಹೊರಟನು. ಬ್ರೇಕ್ ಆಯಿಲ್‌ಗೆ ಇನ್ನೊಂದು ಗುಣವೂ ಉಂಟು, ಅದು ಪೇಂಟನ್ನು ತಿನ್ನುತ್ತದೆ. ನಿಪ್ಪಲ್ಲಿನಿಂದ ಜಾರಿದ ಒಂದು ಹನಿ ಹಳದಿಯ ಮೇಲೆ ಹರಿದು, ಒರೆಸುವಷ್ಟರಲ್ಲಿ ಬೆರಳಗಲದ ಪಟ್ಟೆಯಲ್ಲಿ ಬಣ್ಣ ಸುಕ್ಕುಗಟ್ಟಿ, ಒಳಗಿನ ಕಪ್ಪು ಇಣುಕಿತು.

"ನಿಲ್ಸಿ, ನಿಲ್ಸಿ!" ಎಂದು ಮಹಾಶಯರು ಕೂಗಿದ್ದು ಗ್ಯಾರೇಜಿನ ಆಚೆಗೂ ಕೇಳಿಸಿತಂತೆ. ಮೆಕ್ಯಾನಿಕ್ಕು ಸ್ಪ್ಯಾನರನ್ನು ಕೆಳಗಿಟ್ಟನು. ಮಿಕ್ಕ ಮೂರು ಚಕ್ರಗಳ ಬ್ರೇಕುಗಳನ್ನು ಯಾವ ಕಾರಣಕ್ಕೂ ಮುಟ್ಟಕೂಡದೆಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಕೆಳಗೆ ಮಹಾಶಯರು ಸಹಿಯನ್ನೂ ಹಾಕಿ ಬಂದಿದ್ದಾರೆ. ಆಯಿಲ್ ಮುಂದಿನ ವರ್ಷ ನೋಡಿಕೊಂಡರಾಯಿತು. ಬಣ್ಣ ಇನ್ನೂ ಹೊಸದು.