ಪುಟ ತಿರುಗಿಸಲು ಮೂರನೇ ಕೈ

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಮಕ್ಕಳ ಕೀಬೋರ್ಡು, ಮೂರನೇ ಮಹಡಿಯ ರಾಯರ ಪಿಟೀಲು ಸೇರಿಸಿ ಒಂದು ಭಾವಗೀತೆ ನುಡಿಸೋದು ಅಂತಾಯಿತು. ಮಕ್ಕಳು ಕಲಿತದ್ದು ಸ್ಟಾಫ್ ನೋಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿ. "ನನಗೂ ಅದೇ ಇರಲಿ, ವಯಸ್ಸಿನಲ್ಲಿ ಓದಿದ್ದೆ" ಅಂದರು ರಾಯರು. ಬರೆದುಕೊಡೋರು ಯಾರು? ಸುಮ್ನಿರಲಾರದೆ ಇರುವೆ ಬಿಟ್ಟುಕೊಂಡೆ.

ಈ ಲಿಪಿ ಬರೆಯೋಕೆ ಮ್ಯೂಸ್‌ಸ್ಕೋರ್ ಅನ್ನೋ ತಂತ್ರಾಂಶ ಇದೆ, ಉಚಿತ. ಸ್ವರ ತುಂಬಿಸುವ ಕೆಲಸ ಒಂದು ಭಾನುವಾರ ಬೆಳಿಗ್ಗೆ ಮುಗಿಯಿತು. ಪುಟ ಜೋಡಿಸೋಕೆ ಎರಡು ವಾರ ಹಿಡಿಯಿತು.

ರಾಯರ ಮೊದಲ ಪುಟ ಮುಗಿಯುತ್ತಿದ್ದುದು ಸರಿಯಾಗಿ ಚರಣದ ಓಟದ ನಡುವೆ. ಎಡಗೈ ತಂತಿಯ ಮೇಲೆ, ಬಲಗೈಯಲ್ಲಿ ಕಮಾನು. "ಪುಟ ತಿರುಗಿಸೋಕೆ ಮೂರನೇ ಕೈ ಎಲ್ಲಿಂದ ತರಲಿ ಸ್ವಾಮಿ?" ಅಂದರು. ನ್ಯಾಯವೇ. ಹಿಂದೆ ಯುರೋಪಿನಲ್ಲಿ ಸಂಗೀತದ ಅಚ್ಚಿಗೆ ಲೋಹದ ತಗಡಿನ ಮೇಲೆ ಸ್ವರ ಕೊರೆಯುತ್ತಿದ್ದರು. ತಪ್ಪಾದರೆ ತಗಡನ್ನು ಹಿಂದಿನಿಂದ ಬಡಿದು ಸಮ ಮಾಡಿ ಮತ್ತೆ ಕೊರೆಯಬೇಕು. ಹಾಗಾಗಿ ಯಾವ ಸಾಲು ಎಲ್ಲಿ ಅಂತ ಮೊದಲೇ ಲೆಕ್ಕ. ನನಗೆ ಅನ್‌ಡೂ ಇತ್ತು. ಅದೇ ನನ್ನನ್ನು ಹಾಳು ಮಾಡಿದ್ದು.

ಪಲ್ಲವಿ ಮುಗಿದ ಮೇಲೆ ಪಿಟೀಲಿಗೆ ನಾಲ್ಕು ಬಾರ್ (ತಾಳದ ನಾಲ್ಕು ಕಂತು) ಬಿಡುವು. ಅಲ್ಲಿ ಕಂಟ್ರೋಲ್-ಎಂಟರ್ ಒತ್ತಿ ಪುಟ ಮುರಿದೆ. ಎರಡು ಪುಟದ ಹಾಡು ಮೂರಾಯಿತು, ಮೂರನೆಯದರಲ್ಲಿ ಒಂದೇ ಸಾಲು. ಸರಿ, ಗೆರೆಗಳ ನಡುವಿನ ಅಂತರವನ್ನು 1.75 ಮಿಲಿಮೀಟರಿನಿಂದ 1.5ಕ್ಕೆ ಇಳಿಸಿದೆ. ಎರಡೇ ಪುಟಕ್ಕೆ ಹಿಡಿಯಿತು! ರಾಯರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು, ಕೈ ಚಾಚಿ ದೂರ ಹಿಡಿದರು, ಕನ್ನಡಕ ಒರೆಸಿದರು. "ಇದೇನ್ರೀ, ಇರುವೆ ಸಾಲಾ?"

ಬೇಜಾರಾಗಿ 1.9 ಮಾಡಿದೆ. ಎಲ್ಲ ಊದಿಕೊಂಡಿತು. ಮೊದಲ ಪುಟದ ಕೊನೇ ಸಾಲು ಜಾಗ ಸಾಲದೆ ಎರಡನೆಯದಕ್ಕೆ ಹೋಯಿತು. ಆ ಸಾಲಿನ ತುದಿಯಲ್ಲೇ ನಾನು ಹಾಕಿದ್ದ ಪುಟಮುರಿತ ಕೂತಿತ್ತಲ್ಲ, ಉಳಿದದ್ದನ್ನೆಲ್ಲ ಮುಂದಿನ ಪುಟಕ್ಕೆ ಅಟ್ಟಿತು. ಎರಡನೇ ಪುಟದಲ್ಲಿ ಮೇಲೊಂದು ಸಾಲು, ಕೆಳಗೆಲ್ಲ ಬಿಳಿ. ಮದುವೆ ಮನೆಯಲ್ಲಿ ಎಲೆ ತುದಿಗೆ ಉಪ್ಪು ಬಡಿಸಿ ಮರೆತುಹೋದ ಹಾಗೆ.

ಪುಟಮುರಿತಕ್ಕೆ ತೆರೆಯ ಮೇಲೆ ಪುಟ್ಟ ಗುರುತು ಕಾಣುತ್ತದೆ, ಅಚ್ಚಿನಲ್ಲಿ ಬರುವುದಿಲ್ಲ. ನೋಡೋಕೆ ಚೆನ್ನಾಗಿಲ್ಲ ಅಂತ ಆ ಗುರುತುಗಳನ್ನು ಮರೆಮಾಡಿದ್ದ ಪುಣ್ಯಾತ್ಮ ನಾನೇ. ಒಂದಿಡೀ ಸಂಜೆ ಸಾಲುಗಳ ಮಧ್ಯೆ ಜಾಗ ಹೊಂದಿಸುವ ಸ್ಪೇಸರ್ ಇಟ್ಟೆ, ತೆಗೆದೆ, ಎಳೆದೆ. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಮಗಳು ಬಂದು ಬಗ್ಗಿ ನೋಡಿದಳು. "ಅಪ್ಪಾ, ಸೈಜ್ ಫಿಕ್ಸ್ ಮಾಡಿ ಆಮೇಲೆ ಪೇಜ್ ಬ್ರೇಕ್ ಹಾಕ್ಬೇಕಿತ್ತು, ಅಲ್ವಾ?"

ಏಳನೇ ಪ್ರತಿ ಚೆನ್ನಾಗಿ ಬಂತು. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ಕೂತು, ಆ ನಾಲ್ಕು ಬಾರ್ ಬಿಡುವಿಗಾಗಿ ಉಸಿರು ಬಿಗಿಹಿಡಿದು ಕಾದೆ. ಬಿಡುವು ಬಂತು. ರಾಯರು ಕರ್ಚೀಫಿನಿಂದ ಹಣೆ ಒರೆಸಿಕೊಂಡರು. ಪುಟ ತಿರುಗಿಸಲೇ ಇಲ್ಲ. ಆದರೂ ಚರಣ ತಪ್ಪಿಲ್ಲದೆ ನುಡಿಸಿದರು.

ಮುಗಿದ ಮೇಲೆ ಸ್ಟ್ಯಾಂಡಿನ ಹತ್ತಿರ ಹೋಗಿ ನೋಡಿದೆ. ನನ್ನ ಮೂರನೇ ಪ್ರತಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ದುಂಡಗೆ ಕನ್ನಡದಲ್ಲಿ ಸರಿಗಮ ಬರೆದುಕೊಂಡಿದ್ದರು. ಇಡೀ ಹಾಡು ಅರ್ಧ ಪುಟ. ಉಳಿದರ್ಧದಲ್ಲಿ ತೊಗರಿಬೇಳೆ ಎರಡು ಕೆಜಿ, ಹುಣಸೆಹಣ್ಣು ಅರ್ಧ ಕೆಜಿ ಅಂತಿತ್ತು.