ಫೈರ್‌ವೈರ್ ಕೇಬಲ್ಲಿನ ಸಂಕಟ

ಹಳೆಯ ಕ್ಯಾಮ್‌ಕಾರ್ಡರುಗಳ ಮಿನಿ ಡಿವಿ ಎಂಬ ಪುಟ್ಟ ವಿಡಿಯೊ ಕ್ಯಾಸೆಟ್ಟುಗಳಲ್ಲಿರುವ ಮದುವೆ, ನಾಮಕರಣಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಟವರಿಗೆ, ಕ್ಯಾಮೆರಾದಿಂದ ಕಂಪ್ಯೂಟರಿಗೆ ವಿಡಿಯೊ ಸಾಗಿಸುವ ಫೈರ್‌ವೈರ್ ಕೇಬಲ್ ಸಿಕ್ಕಿಸುವ ಕ್ಷಣದಲ್ಲಿಯೇ ಕ್ಯಾಮ್‌ಕಾರ್ಡರಿನ ಪೋರ್ಟ್ ಸುಟ್ಟುಹೋಗಬಹುದೆಂದು ಅಂಗಡಿಯವರು ಯಾರೂ ಹೇಳುವುದಿಲ್ಲ ಎಂಬುದೇ ನನ್ನ ಅಳಲು. ಕಂಪ್ಯೂಟರಿನ ಆರು ಪಿನ್ನುಗಳ ಫೈರ್‌ವೈರ್ ಪೋರ್ಟಿನಲ್ಲಿ 30 ವೋಲ್ಟ್‌ವರೆಗೂ ವಿದ್ಯುತ್ ಇರಬಹುದು. ಸವೆದು ಸಡಿಲಗೊಂಡ ಹಳೆಯ ಪೋರ್ಟಿನೊಳಗೆ ಪ್ಲಗ್ಗನ್ನು ತಲೆಕೆಳಗಾಗಿ ಬಲವಂತದಿಂದ ಒತ್ತಿದರೆ ಅದು ಹೊಕ್ಕೇಬಿಡುತ್ತದೆ, ಆ ವಿದ್ಯುತ್ತು ಸಂಕೇತಗಳು ಹರಿಯಬೇಕಾದ ತಂತಿಗಳಿಗೆ ನುಗ್ಗಿ ಕ್ಯಾಮೆರಾದ ಚಿಪ್ಪನ್ನೇ ಬಲಿ ತೆಗೆದುಕೊಳ್ಳುತ್ತದೆ. ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಆಫ್ ಮಾಡಿ, ಪ್ಲಗ್ಗಿನ ಆಕಾರ ನೋಡಿ ಸಿಕ್ಕಿಸಿ, ಆಮೇಲೆ ಚಾಲೂ ಮಾಡಿರೆಂಬ ಒಂದು ಸಾಲನ್ನು ಕೇಬಲ್ಲಿನ ಪೊಟ್ಟಣದ ಮೇಲೆ ಅಚ್ಚುಹಾಕಲು ಕೇಬಲ್ ತಯಾರಿಸುವವರಿಗೇನು ಕಷ್ಟ? ಪೋರ್ಟ್ ಕೆಟ್ಟರೆ ಬಿಡಿಭಾಗ ಸಿಗುವುದು ದುರ್ಲಭ. ಪಕ್ಕದ ಯುಎಸ್‌ಬಿ ಕಿಂಡಿಯೋ, ಬಹಳಷ್ಟು ಮಾದರಿಗಳಲ್ಲಿ, ಟೇಪಿನ ವಿಡಿಯೊವನ್ನು ಪೂರ್ಣ ಗುಣಮಟ್ಟದಲ್ಲಿ ಕೊಡುವುದೇ ಇಲ್ಲ.