ಗೆಲ್ಲುವ ಪಕ್ಷ ಮೊದಲೇ ಗೊತ್ತಿರುವಲ್ಲಿ ಓಟು ಯಾಕೆ ಹಾಕಬೇಕು?

"ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಾಟರನ್ನು ಬಿಟ್ಟು ಬೇರೆಯವರು ಗೆಲ್ಲೋದೇ ಇಲ್ಲವಂತಲ್ಲ, ಮತ್ತೆ ನೀವು ಓಟು ಹಾಕಿ ಏನು ಬಂತು?" ಇಲ್ಲಿ ಚುನಾವಣೆ ಬಂದಾಗಲೆಲ್ಲ ಊರಿನ ನೆಂಟರು, ಹಳೆಯ ಗೆಳೆಯರು ಫೋನಿನಲ್ಲಿ ಹೀಗೆ ಕೇಳುತ್ತಾರೆ. ಕರ್ನಾಟಕದಿಂದ ನೋಡುವವರಿಗೆ ಈ ಅನುಮಾನ ಬರುವುದು ಸಹಜ. ಆಳುತ್ತಿದ್ದ ಪಕ್ಷ ಮತ್ತೆ ಬಹುಮತ ಪಡೆದು ಬಂದ ಉದಾಹರಣೆ ನಮ್ಮಲ್ಲಿ 1985ರ ನಂತರ ಇಲ್ಲ. ಆ ವರ್ಷ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ 139 ಸ್ಥಾನ ಗೆದ್ದು ಅಧಿಕಾರ ಉಳಿಸಿಕೊಂಡಿತು. ಅಲ್ಲಿಂದೀಚೆಗೆ ಕುರ್ಚಿಯಲ್ಲಿದ್ದ ಯಾವ ಪಕ್ಷಕ್ಕೂ ಜನ ಮತ್ತೆ ಬಹುಮತ ಕೊಟ್ಟಿಲ್ಲ.

ಇಲ್ಲಿನ ಲೆಕ್ಕ ಬೇರೆ. 2024ರ ನವೆಂಬರ್ ಚುನಾವಣೆ ಮುಗಿದಾಗ ಕ್ಯಾಲಿಫೋರ್ನಿಯಾದ 80 ಸದಸ್ಯರ ಅಸೆಂಬ್ಲಿಯಲ್ಲಿ 60, 40 ಸದಸ್ಯರ ಮೇಲ್ಮನೆ ಸೆನೆಟ್‌ನಲ್ಲಿ 30 ಸ್ಥಾನ ಡೆಮಾಕ್ರಾಟರ ಕೈಯಲ್ಲಿದ್ದವು. ಇಡೀ ರಾಜ್ಯ ಓಟು ಹಾಕುವ ಯಾವ ಹುದ್ದೆಯನ್ನೂ ರಿಪಬ್ಲಿಕನ್ನರು 2006ರ ನಂತರ ಗೆದ್ದಿಲ್ಲ. ನಿಕ್ಸನ್, ರೇಗನ್ ಇಬ್ಬರನ್ನೂ ಕೊಟ್ಟ ರಾಜ್ಯ ಇದು. ಹಾಗಿದ್ದದ್ದು ಹೀಗೆ ತಿರುಗಿದ್ದಕ್ಕೆ 1994ರಲ್ಲಿ ದಾಖಲೆಯಿಲ್ಲದ ವಲಸಿಗರ ಸೌಲಭ್ಯಗಳನ್ನು ಕಿತ್ತುಕೊಳ್ಳಲು ಹೊರಟ ಪ್ರೊಪೊಸಿಷನ್ 187 ಎಂಬ, ಜನರ ಮತಕ್ಕೆ ಹಾಕಿದ ಪ್ರಸ್ತಾವ ಒಂದು ದೊಡ್ಡ ಕಾರಣ ಎಂದು ಇಲ್ಲಿ ಹಲವರು ಹೇಳುತ್ತಾರೆ. ಅದನ್ನು ಬೆಂಬಲಿಸಿದ ರಿಪಬ್ಲಿಕನ್ ಪಕ್ಷದ ಮೇಲೆ ಲ್ಯಾಟಿನೋ ಸಮುದಾಯಕ್ಕೆ ಬಂದ ಸಿಟ್ಟು ಹಾಗೇ ಉಳಿಯಿತು.

ಹೀಗಿದ್ದರೂ ನಾನು ಪ್ರತಿ ಸಲ ಓಟು ಹಾಕುತ್ತೇನೆ, ಅದೂ ಬಹಳ ಯೋಚಿಸಿ. ಸರ್ಕಾರ ಯಾವ ಪಕ್ಷದ್ದು ಎನ್ನುವುದು ಮೊದಲೇ ತೀರ್ಮಾನವಾಗಿರುವ ಕಡೆ ಅಸಲಿ ಚುನಾವಣೆ ನಡೆಯುವುದು ಆ ಪಕ್ಷದೊಳಗೆ, ಅಭ್ಯರ್ಥಿ ಯಾರು ಎಂಬ ಹಂತದಲ್ಲಿ. ಆ ಹಂತದ ಬಾಗಿಲು ಮತದಾರನಿಗೆ ತೆರೆದಿದೆಯೋ ಇಲ್ಲವೋ ಎನ್ನುವುದೇ ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ತೆರೆದಿದೆ, ಕರ್ನಾಟಕದಲ್ಲಿ ಮುಚ್ಚಿದೆ. ನಮ್ಮ ನಾಡಿನ ಬಗ್ಗೆ ಹೀಗೆ ಬರೆಯಲು ಸಂಕಟವಾಗುತ್ತದೆ, ಆದರೂ ಹೇಳಲೇಬೇಕು.

ಇಲ್ಲಿನ ಪದ್ಧತಿ ಹೀಗಿದೆ. 2010ರಲ್ಲಿ ಜನರೇ ಮತ ಹಾಕಿ ಒಪ್ಪಿದ ಪ್ರೊಪೊಸಿಷನ್ 14ರ ಪ್ರಕಾರ, ಪ್ರೈಮರಿಯಲ್ಲಿ, ಅಂದರೆ ಅಂತಿಮ ಕಣಕ್ಕೆ ಯಾರು ಹೋಗಬೇಕೆಂದು ತೀರ್ಮಾನಿಸುವ ಮೊದಲ ಸುತ್ತಿನ ಮತದಾನದಲ್ಲಿ, ಎಲ್ಲ ಪಕ್ಷದವರ ಹೆಸರೂ ಒಂದೇ ಮತಪತ್ರದಲ್ಲಿ ಬರುತ್ತದೆ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಮತ ಹಾಕಬಹುದು. ಮೊದಲ ಎರಡು ಸ್ಥಾನ ಪಡೆದವರು ನವೆಂಬರ್ ಕಣಕ್ಕೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಅದರಲ್ಲಿ ಅಭ್ಯರ್ಥಿಯ ಹೆಸರು, ಅದರ ಕೆಳಗೆ ಒಲವಿನ ಪಕ್ಷ, ಜೊತೆಗೆ ಶಿಕ್ಷಕಿ, ನಗರಸಭಾ ಸದಸ್ಯ, ಸಣ್ಣ ವ್ಯಾಪಾರಿ ಎಂಬಂತೆ ಅವರ ಕೆಲಸ. ಪಕ್ಷದ ಚಿಹ್ನೆ ಇರುವುದಿಲ್ಲ. ಹಸ್ತ, ಕಮಲ, ತೆನೆ ಹೊತ್ತ ಮಹಿಳೆಯನ್ನು ನೋಡಿ ಬೆಳೆದ ನಮಗೆ ಮೊದಮೊದಲು ಆ ಹಾಳೆ ಬೋಳುಬೋಳಾಗಿ ಕಾಣುತ್ತದೆ. ಎರಡು ಹೆಸರಿನ ಕೆಳಗೂ ಒಂದೇ ಪಕ್ಷ ಇದ್ದಾಗ ಪಕ್ಷ ನೋಡಿ ಗುರುತು ಹಾಕುವ ಅಭ್ಯಾಸ ಕೆಲಸಕ್ಕೆ ಬರುವುದಿಲ್ಲ. ಆ ಮನುಷ್ಯರು ಯಾರು, ಯಾವ ವಿಷಯದಲ್ಲಿ ಏನು ಹೇಳಿದ್ದಾರೆ, ಹಣ ಎಲ್ಲಿಂದ ಬರುತ್ತಿದೆ ಎಂದು ಕೂತು ಓದಲೇಬೇಕು.

ಹಾಗೆ ಓದಿದ್ದಕ್ಕೆ ಬೆಲೆ ಇದೆ ಎಂಬುದಕ್ಕೆ 2022ರ ರಾಜ್ಯ ಸೆನೆಟ್ ಚುನಾವಣೆ ಸಾಕ್ಷಿ. ಹೇವರ್ಡ್, ಫ್ರೀಮಾಂಟ್, ಮಿಲ್ಪಿಟಾಸ್ ಇರುವ ನಮ್ಮ ಕಡೆಯ 10ನೇ ಕ್ಷೇತ್ರದಲ್ಲಿ ಕೊನೆಗೆ ಉಳಿದವರು ಇಬ್ಬರು, ಹೇವರ್ಡ್ ನಗರಸಭೆಯ ಆಯೇಷಾ ವಹಾಬ್ ಮತ್ತು ಫ್ರೀಮಾಂಟ್‌ನ ಮೇಯರ್ ಲಿಲಿ ಮೇ. ಇಬ್ಬರೂ ಡೆಮಾಕ್ರಾಟರೇ. ಯಾರು ಗೆದ್ದರೂ ಪಕ್ಷದ ಬಲಾಬಲ ಒಂದಂಕಿಯೂ ಬದಲಾಗುತ್ತಿರಲಿಲ್ಲ. ಗೆದ್ದ ವಹಾಬ್ ಮರುವರ್ಷವೇ ಜಾತಿ ತಾರತಮ್ಯವನ್ನು ಕಾನೂನಿನಲ್ಲಿ ಹೆಸರಿಟ್ಟು ನಿಷೇಧಿಸುವ ಮಸೂದೆ, ಎಸ್‌ಬಿ 403 ತಂದರು. ಅದರ ಪರ ವಿರೋಧ ಎಂದು ಇಲ್ಲಿನ ಭಾರತೀಯ ಸಮುದಾಯ ಎರಡಾಗಿ ಸೀಳಿತು. ಎರಡೂ ಸದನಗಳು ಒಪ್ಪಿದ ಮಸೂದೆಯನ್ನು 2023ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ವೀಟೊ ಮಾಡಿದರು, ಈಗಿರುವ ಕಾನೂನುಗಳೇ ಸಾಕು ಎಂಬ ಕಾರಣ ಕೊಟ್ಟು. ತಂದವರು, ಒಪ್ಪಿದ ಬಹುಪಾಲು ಸದಸ್ಯರು, ತಡೆದವರು, ಎಲ್ಲರೂ ಒಂದೇ ಪಕ್ಷ! ಬಸವಣ್ಣನ ನಾಡಿನಿಂದ ಬಂದ ನಾನು ಆ ಮಸೂದೆಯ ಪರವಾಗಿದ್ದೆ, ಈಗಲೂ ಇದ್ದೇನೆ. ನನ್ನ ಹತ್ತಿರದ ಕೆಲವು ಸ್ನೇಹಿತರು ವಿರುದ್ಧವಾಗಿದ್ದರು. ಆದರೆ "ಯಾರು ಗೆದ್ದರೂ ಅಷ್ಟೇ" ಎಂದು 2022ರ ನವೆಂಬರಿನಲ್ಲಿ ಮತಪತ್ರದ ಲಕೋಟೆ ಒಡೆಯದೆ ಬದಿಗಿಟ್ಟವರು ಎರಡೂ ಕಡೆಗಳಲ್ಲಿ ಇದ್ದರು.

ಅಮೆರಿಕದ ಸಂಸತ್ತಿಗೆ ಇಲ್ಲಿಂದ ನಡೆಯುವ ಚುನಾವಣೆಗೂ ಇದೇ ನಿಯಮ. ರೋ ಖನ್ನಾ 2014ರಲ್ಲಿ ಸ್ವಪಕ್ಷದ ಹಿರಿಯ ಮೈಕ್ ಹೋಂಡಾ ಎದುರು ಸೋತು, 2016ರಲ್ಲಿ ಅವರನ್ನೇ ಸೋಲಿಸಿದರು. ಹಾಲಿ ಸಂಸದರ ವಿರುದ್ಧ ಅದೇ ಪಕ್ಷದ ಇನ್ನೊಬ್ಬರು ನಿಂತು, ಎರಡನೇ ಸಲ ಗೆದ್ದು, ಪಕ್ಷದಲ್ಲೇ ಉಳಿಯುವುದು ನಮ್ಮಲ್ಲಿ ಊಹೆಗೂ ನಿಲುಕದ ಮಾತು. ನಮ್ಮಲ್ಲಾದರೆ ನಾಮಪತ್ರ ಸಲ್ಲಿಸಿದ ಬೆನ್ನಿಗೇ ಆರು ವರ್ಷ ಉಚ್ಚಾಟನೆ.

ಕರ್ನಾಟಕದಲ್ಲಿ ಬಿ ಫಾರಂ ಯಾರಿಗೆ ಎಂಬುದು ದೆಹಲಿಯಲ್ಲಿ, ಇಲ್ಲವೇ ಒಂದು ಕುಟುಂಬದ ಮನೆಯಲ್ಲಿ ತೀರ್ಮಾನವಾಗುತ್ತದೆ. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರಿಗೇ 2023ರಲ್ಲಿ ಟಿಕೆಟ್ ತಪ್ಪಿತು. ಅವರು ಕಾಂಗ್ರೆಸ್‌ಗೆ ಹೋಗಿ, ಸೋತು, ವರ್ಷ ತುಂಬುವುದರೊಳಗೆ ಬಿಜೆಪಿಗೆ ಮರಳಿದರು. ಟಿಕೆಟ್ ಕೊಡಬೇಕಿತ್ತೇ ಬೇಡವೇ ಎಂದು ಹುಬ್ಬಳ್ಳಿಯ ಬಿಜೆಪಿ ಮತದಾರರನ್ನು ಮಾತ್ರ ಯಾರೂ ಕೇಳಲಿಲ್ಲ.

ಪುತ್ತೂರಿನ ಕಥೆ ಇನ್ನೂ ಸ್ಪಷ್ಟ. ಬಿಜೆಪಿಗೆ ಗಟ್ಟಿ ನೆಲೆ ಇರುವ ಕ್ಷೇತ್ರ ಅದು. 2023ರಲ್ಲಿ ಪಕ್ಷ ಆಶಾ ತಿಮ್ಮಪ್ಪ ಅವರಿಗೆ ಟಿಕೆಟ್ ಕೊಟ್ಟಿತು. ಟಿಕೆಟ್ ಬಯಸಿದ್ದ ಅರುಣ್ ಕುಮಾರ್ ಪುತ್ತಿಲ ಬಂಡಾಯವೆದ್ದು ಪಕ್ಷೇತರರಾಗಿ ನಿಂತರು. ಅದಕ್ಕೂ ಮೊದಲು ಬಿಜೆಪಿಯಲ್ಲಿದ್ದ ಅಶೋಕ್ ರೈ ಕಾಂಗ್ರೆಸ್ ಅಭ್ಯರ್ಥಿ. ಫಲಿತಾಂಶ ಬಂದಾಗ ಅಶೋಕ್ ರೈ ಸುಮಾರು 4 ಸಾವಿರ ಮತಗಳ ಅಂತರದಲ್ಲಿ ಗೆದ್ದಿದ್ದರು, ಪುತ್ತಿಲ ಎರಡನೆಯವರು, ಬಿಜೆಪಿಯ ಅಧಿಕೃತ ಅಭ್ಯರ್ಥಿ ಮೂರನೆಯವರು. ಪಕ್ಷದ ಬೆಂಬಲಿಗರಿಗೆ ಯಾರು ಬೇಕಾಗಿದ್ದರು ಎನ್ನುವುದು ಅಂದು ಗೊತ್ತಾಯಿತು, ಆದರೆ ಹೊತ್ತು ಮೀರಿತ್ತು. ನಮ್ಮಲ್ಲಿ ಬಂಡಾಯ ಎಂದು ಕರೆಯುವುದು ನಿಜವಾಗಿ ಪ್ರೈಮರಿಯೇ. ಅದಕ್ಕೆ ಬೇರೆ ದಿನ ಇಲ್ಲದ ಕಾರಣ ಅಂತಿಮ ಚುನಾವಣೆಯ ದಿನವೇ ನಡೆಯುತ್ತದೆ, ಓಟು ಒಡೆಯುತ್ತದೆ. ಇಲ್ಲಿನ ನಿಯಮದಂತೆ ನಡೆದಿದ್ದರೆ ಮೊದಲ ಸುತ್ತಿನ ಬಳಿಕ ರೈ ಮತ್ತು ಪುತ್ತಿಲ ನೇರಾನೇರ ಎದುರಾಗುತ್ತಿದ್ದರು. ಗೆಲ್ಲುವವರು ಯಾರೇ ಆಗಲಿ, ಅರ್ಧಕ್ಕಿಂತ ಹೆಚ್ಚು ಓಟು ಪಡೆದೇ ಗೆಲ್ಲುತ್ತಿದ್ದರು.

ಕರ್ನಾಟಕದಲ್ಲಿ ಸರ್ಕಾರ ಬದಲಾಗುತ್ತದಲ್ಲ, ಇದೆಲ್ಲ ನಮಗೇಕೆ ಎನ್ನುವವರು ಕ್ಷೇತ್ರಗಳನ್ನು ಒಂದೊಂದಾಗಿ ನೋಡಬೇಕು. ರಾಜ್ಯ ತಿರುಗುತ್ತದೆ, ಕೆಲವು ಕ್ಷೇತ್ರಗಳು ತಿರುಗುವುದೇ ಇಲ್ಲ. ಶಿಕಾರಿಪುರ 1983ರಿಂದ ಬಹುಪಾಲು ಯಡಿಯೂರಪ್ಪನವರ ಮನೆಯಲ್ಲೇ ಇದೆ, 1999ರಲ್ಲೊಮ್ಮೆ ಕೈತಪ್ಪಿದ್ದು ಬಿಟ್ಟರೆ. ಹೊಳೆನರಸೀಪುರದ ಕಥೆಯೂ ಹತ್ತಿರಹತ್ತಿರ ಅದೇ. ಕನಕಪುರದಲ್ಲಿ 2008ರಿಂದ ಡಿ.ಕೆ. ಶಿವಕುಮಾರ್. ಇಂಥ ಕಡೆ ಎದುರು ಪಕ್ಷಗಳು ಹೆಸರಿಗೊಬ್ಬರನ್ನು ನಿಲ್ಲಿಸುತ್ತವೆ. ಅಲ್ಲಿನ ಮತದಾರನ ಸ್ಥಿತಿ ನನ್ನದಕ್ಕಿಂತ ಕಷ್ಟದ್ದು. ಪಕ್ಷವೂ ಮೊದಲೇ ಗೊತ್ತು, ವ್ಯಕ್ತಿಯೂ ಮೊದಲೇ ಗೊತ್ತು.

ಸದನದೊಳಗಿನ ವಿಷಯಕ್ಕೆ ಬಂದರೆ ವ್ಯತ್ಯಾಸ ಇನ್ನೂ ದೊಡ್ಡದು. ನಮ್ಮಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿ ಮತ ಹಾಕಿದ ಶಾಸಕ 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆಯಾರಾಮ್ ಗಯಾರಾಮ್‌ಗಳನ್ನು ತಡೆಯಲು ಬಂದ ಕಾಯ್ದೆ 2019ರಲ್ಲಿ ನಮ್ಮ 17 ಶಾಸಕರ ಬಂಡಾಯವನ್ನಾಗಲಿ, ಸರ್ಕಾರದ ಪತನವನ್ನಾಗಲಿ ತಡೆಯಲಿಲ್ಲ. ಪಕ್ಷದಲ್ಲೇ ಇದ್ದುಕೊಂಡು ಒಂದು ಮಸೂದೆಗೆ ಮಾತ್ರ ಬೇಡ ಎನ್ನುವ ಪ್ರಾಮಾಣಿಕ ಶಾಸಕನ ಬಾಯನ್ನು ಮಾತ್ರ ಕಟ್ಟಿಹಾಕಿತು. ಇಂಥ ಕಾಯ್ದೆ ಇರುವಲ್ಲಿ ಒಂದೇ ಪಕ್ಷ ದಶಕಗಳ ಕಾಲ ಬೇರೂರಿದರೆ ಸದನದಲ್ಲಿ ಎರಡನೇ ದನಿ ಎಲ್ಲಿಂದ ಬರಬೇಕು? ಗುಜರಾತಿನಲ್ಲಿ 2022ರಲ್ಲಿ 182ರ ಪೈಕಿ 156 ಸ್ಥಾನ ಬಿಜೆಪಿಗೆ ಹೋಯಿತು. 17ಕ್ಕೆ ಕುಸಿದ ಕಾಂಗ್ರೆಸ್‌ಗೆ ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನವೂ ಸಿಗಲಿಲ್ಲ. ಅಲ್ಲಿ ಆಡಳಿತ ಪಕ್ಷದ ಶಾಸಕರೇ ಪ್ರಶ್ನಿಸಬೇಕು, ವಿಪ್ ಅದಕ್ಕೆ ಬಿಡುವುದಿಲ್ಲ.

ಕ್ಯಾಲಿಫೋರ್ನಿಯಾದ ಶಾಸಕರಿಗೆ ಅಂಥ ಕಟ್ಟು ಇಲ್ಲ. ಮೂರನೇ ಎರಡರಷ್ಟು ಬಹುಮತ ಇದ್ದೂ ಡೆಮಾಕ್ರಾಟರು ತಮ್ಮದೇ ಮಸೂದೆ ಪಾಸು ಮಾಡಿಸಲಾಗದೆ ನಿಂತದ್ದುಂಟು. ಸ್ಯಾನ್ ಹೋಸೆಯ ಆಶ್ ಕಾಲ್ರಾ ಇಲ್ಲಿನ ಶಾಸಕಾಂಗಕ್ಕೆ ಆರಿಸಿ ಬಂದ ಮೊದಲ ಭಾರತೀಯ ಮೂಲದವರು. 2016ರಲ್ಲಿ ಅವರು ಗೆದ್ದದ್ದೂ ಸ್ವಪಕ್ಷದ ಎದುರಾಳಿಯ ವಿರುದ್ಧವೇ. ಎಲ್ಲರಿಗೂ ಸರ್ಕಾರವೇ ಆರೋಗ್ಯ ವಿಮೆ ಕೊಡಬೇಕೆಂಬ ಎಬಿ 1400 ಮಸೂದೆ ಅವರದು. 2022ರ ಜನವರಿ 31ರಂದು, ಗಡುವಿನ ದಿನ, ಸಾಕಷ್ಟು ಮತ ಇಲ್ಲವೆಂದು ಅವರೇ ಅದನ್ನು ಮತಕ್ಕೆ ಹಾಕದೆ ಬಿಟ್ಟರು. ಯಾರು ಬೇಡ ಎನ್ನುತ್ತಿದ್ದರು ಎಂಬುದು ದಾಖಲಾಗಲೇ ಇಲ್ಲ.

ಈ ರಾಜ್ಯದ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ವಿರೋಧ ಪಕ್ಷ ದುರ್ಬಲವಾದಾಗ ಆಡಳಿತ ಪಕ್ಷದ ಜಗಳಗಳು ಕದ ಮುಚ್ಚಿಕೊಂಡು ನಡೆಯುತ್ತವೆ. ಅಸೆಂಬ್ಲಿಯಲ್ಲಿ ಸಾಮಾನ್ಯ ಮಸೂದೆಯೊಂದು ಪಾಸಾಗಲು 41 ಮತ ಬೇಕೇ ಬೇಕು. ಹಾಗಾಗಿ ವಿರುದ್ಧ ಮತ ಹಾಕುವುದಕ್ಕೂ ಸುಮ್ಮನೆ ಮತ ಹಾಕದೆ ಕೂರುವುದಕ್ಕೂ ಪರಿಣಾಮ ಒಂದೇ. ಸ್ವಪಕ್ಷದ ಮಸೂದೆಯನ್ನು ಕೊಲ್ಲಬೇಕೆನ್ನುವವರು ಬಟನ್ ಒತ್ತದೆ ಉಳಿದುಬಿಡುತ್ತಾರೆ. ಇನ್ನು ಹಣಕಾಸು ಸಮಿತಿಗಳ "ಸಸ್ಪೆನ್ಸ್ ಫೈಲ್" ಎಂಬುದಿದೆ. ಖರ್ಚು ತರುವ ನೂರಾರು ಮಸೂದೆಗಳನ್ನು ಅಲ್ಲಿ ಗುಡ್ಡೆ ಹಾಕಿ, ಸಾಮಾನ್ಯವಾಗಿ ಮೇ ಮತ್ತು ಆಗಸ್ಟ್‌ನಲ್ಲಿ ಒಂದೇ ಬೈಠಕ್ಕಿನಲ್ಲಿ ಪಟಪಟ ಓದಿ ಮುಗಿಸುತ್ತಾರೆ. ಯಾವುದು ಉಳಿಯಿತು, ಯಾವುದು ಸತ್ತಿತು ಎಂದು ಹೇಳುತ್ತಾರೆ, ಯಾಕೆ ಎಂದು ಹೇಳುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಸೋಲುವ ಭಯ ಇರುವ ಪಕ್ಷ ಹೀಗೆ ಮಾಡಲು ಹತ್ತು ಸಲ ಯೋಚಿಸುತ್ತದೆ. ಆ ಭಯ ಕರ್ನಾಟಕದಲ್ಲಿದೆ. ಅಧಿಕಾರಕ್ಕೆ ಬಂದ ದಿನದಿಂದಲೇ ಆಡಳಿತ ವಿರೋಧಿ ಅಲೆಯ ಲೆಕ್ಕ ಹಾಕುವ ಸರ್ಕಾರಗಳು ನಮ್ಮವು. ಇದು ಕರ್ನಾಟಕದ ಮತದಾರರು ಗಳಿಸಿಕೊಂಡ ದೊಡ್ಡ ಆಸ್ತಿ.

ಇಲ್ಲಿ ಪ್ರೈಮರಿಗೆ ಬರುವ ಜನವೂ ಕಡಿಮೆ. 2022ರ ಜೂನ್‌ನಲ್ಲಿ ನೋಂದಾಯಿತ ಮತದಾರರಲ್ಲಿ ಸುಮಾರು ಮೂರರಲ್ಲೊಬ್ಬರು ಮತ ಹಾಕಿದರು, 2014ರ ಜೂನ್‌ನಲ್ಲಿ ನಾಲ್ಕರಲ್ಲೊಬ್ಬರು. 2022ರ ಹೊತ್ತಿಗೆ ಮತಪತ್ರ ಎಲ್ಲರ ಮನೆಗೇ ಬರುತ್ತಿದ್ದರೂ, ವಾಪಸ್ ಕಳಿಸಲು ಅಂಚೆಚೀಟಿಯೂ ಬೇಡವಾಗಿದ್ದರೂ ಈ ಗತಿ. 2023ರ ಮೇ ತಿಂಗಳ ಬಿಸಿಲಲ್ಲಿ ಸಾಲಿನಲ್ಲಿ ನಿಂತು ಶೇ 73ಕ್ಕೂ ಹೆಚ್ಚು ಮತ ಹಾಕಿದ ಕರ್ನಾಟಕವನ್ನು ನೆನೆದರೆ ಹೆಮ್ಮೆಯಾಗುತ್ತದೆ. ಒಂದು ಅಸೆಂಬ್ಲಿ ಕ್ಷೇತ್ರದಲ್ಲಿ ಸುಮಾರು ಐದು ಲಕ್ಷ ಜನ ಇರುವ ಇಲ್ಲಿ ತಮ್ಮ ಶಾಸಕರ ಹೆಸರು ಹೇಳಬಲ್ಲವರು ಸಿಗುವುದು ಕಷ್ಟ. ನಮ್ಮೂರಿನಲ್ಲಿ ಬೆಳಿಗ್ಗೆ ಶಾಸಕರ ಮನೆ ಮುಂದೆ ಅರ್ಜಿ ಹಿಡಿದು ನಿಂತವರಿಗೆ ಅವರ ಪಿಎ ಹೆಸರೂ ಗೊತ್ತಿರುತ್ತದೆ. ಅಷ್ಟು ರಾಜಕೀಯ ಪ್ರಜ್ಞೆ ಇರುವ ಜನರಿಗೆ ಅಭ್ಯರ್ಥಿಯನ್ನು ಆರಿಸುವ ಹಕ್ಕು ಇಲ್ಲ ಎಂಬುದೇ ನನ್ನ ದೂರು.

ಕರ್ನಾಟಕಕ್ಕೆ ಇದು ತೀರಾ ಹೊಸದೂ ಅಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಆಂತರಿಕ ಮತದಾನದಿಂದ ಅಭ್ಯರ್ಥಿಗಳನ್ನು ಆರಿಸಿತು. ಅವುಗಳಲ್ಲಿ ಎರಡು ನಮ್ಮವು, ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಪಕ್ಷದ ಜನಪ್ರತಿನಿಧಿಗಳು ಮಾತ್ರ, ಸಾಮಾನ್ಯ ಬೆಂಬಲಿಗರಿಗೆ ಅವಕಾಶ ಇರಲಿಲ್ಲ. ಆ ಚುನಾವಣೆಯಲ್ಲಿ ಇಬ್ಬರೂ ಸೋತರು. ಮುಂದಿನ ಚುನಾವಣೆಗೆ ಆ ಪ್ರಯೋಗದ ಸುದ್ದಿಯೇ ಇರಲಿಲ್ಲ.

ದೇಶದಾದ್ಯಂತ ಕಾಂಗ್ರೆಸ್ ಕುಸಿದ ವರ್ಷ ಅದು. ಹಾಗಾಗಿ ಆ ಎರಡು ಸೋಲಿಗೆ ಪ್ರೈಮರಿಯನ್ನು ದೂರುವುದು ತಪ್ಪು. ಪ್ರಯೋಗವನ್ನು ನಡೆಸಿದ ಜಾಗವೂ ಸರಿಯಿರಲಿಲ್ಲ. ಗೆಲುವು ಅನುಮಾನ ಇರುವಲ್ಲಿ ನಡೆಸಿದರೆ ಕಾರ್ಯಕರ್ತರಿಗೂ ಹುರುಪು ಇರುವುದಿಲ್ಲ. ಮೂರೂ ಪಕ್ಷಗಳು ತಮಗೆ ಗೆಲುವು ಖಚಿತವಿರುವ ಕ್ಷೇತ್ರಗಳಿಂದ ಶುರುಮಾಡಲಿ. ಬಿಜೆಪಿ ಕರಾವಳಿಯಲ್ಲಿ, ಜೆಡಿಎಸ್ ಹಾಸನದಲ್ಲಿ, ಕಾಂಗ್ರೆಸ್ ಕನಕಪುರದಂಥ ಕಡೆ. ವರ್ಷಕ್ಕೆ ಮುಂಚೆ ಸದಸ್ಯತ್ವ ಪಡೆದ ಎಲ್ಲರಿಗೂ ಮತದಾನದ ಹಕ್ಕು ಕೊಡಲಿ. ಚುನಾವಣೆಗೆ ಕನಿಷ್ಠ ಎರಡು ತಿಂಗಳು ಮುಂಚೆ ಗುಪ್ತ ಮತದಾನ ನಡೆಸಿ ಎಣಿಕೆಯನ್ನು ಎಲ್ಲರೆದುರು ಮಾಡಲಿ. ಅಲ್ಲಿ ಸೋತವರು ಬಂಡಾಯ ನಿಂತರೆ ಕೇಳುವ ಹಕ್ಕು ಆಗ ಪಕ್ಷಕ್ಕೆ ಇರುತ್ತದೆ. ಈಗ ಇಲ್ಲ.